ಅಮೆರಿಕದಿಂದ ಬಂದು ಮಗು ದತ್ತು: ಡಿಸಿ ಎದುರು ಕೂರುವ ದಿನಕ್ಕೆ ತಯಾರಾಗುವುದು ಹೇಗೆ?

ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕ ದತ್ತು ಮಗಳನ್ನು ಕರೆದೊಯ್ಯಲು ಊರಿಗೆ ಬಂದಿಳಿದಾಗ ಅವಳ ಸೂಟ್‌ಕೇಸಿನಲ್ಲಿ ಇಸ್ತ್ರಿ ಮಾಡಿದ ಕಪ್ಪು ಕೋಟು ಇತ್ತು. "ಜಡ್ಜ್ ಮುಂದೆ ನಿಲ್ಬೇಕಲ್ವಾ?" ಅಂದಳು. ಹತ್ತು ವರ್ಷದ ಹಿಂದೆ ದತ್ತು ಪಡೆದಿದ್ದ ಗೆಳತಿಯೊಬ್ಬಳು ಹಾಗೆ ಹೇಳಿದ್ದಳಂತೆ. ಆದರೆ ಜಡ್ಜ್ ಸಿಗಲೇ ಇಲ್ಲ. ಸಿಕ್ಕಿದ್ದು ಜಿಲ್ಲಾಧಿಕಾರಿ ಕಚೇರಿಯ ಮೊಗಸಾಲೆಯ ಬೆಂಚು, ಅದೂ ಪಹಣಿ ತಕರಾರು ಹಿಡಿದು ಬಂದಿದ್ದ ರೈತರ ನಡುವೆ. ಏಪ್ರಿಲ್ ಬಿಸಿಲು ಬೇರೆ. ಕೋಟು ಮಡಚಿ ಬ್ಯಾಗಿಗೆ ಹೋಯಿತು.

ಹಳೆಯ ಅನುಭವ ಕೇಳಿಕೊಂಡು ಬರುವ ಬಹಳ ಮಂದಿಗೆ ಹೀಗೇ ಆಗುತ್ತದೆ. ಅದಕ್ಕೇ ಮೊದಲು ಇದು ಗೊತ್ತಿರಲಿ: 2022ರ ಸೆಪ್ಟೆಂಬರ್ 1ರಿಂದ ದತ್ತು ಆದೇಶ ಕೊಡುವವರು ನ್ಯಾಯಾಧೀಶರಲ್ಲ, ಜಿಲ್ಲಾ ಮ್ಯಾಜಿಸ್ಟ್ರೇಟ್. ನಮ್ಮಲ್ಲಿ ಅಂದರೆ ಡಿಸಿ. ಅಪರ ಜಿಲ್ಲಾಧಿಕಾರಿಯೂ ಆದೇಶ ಕೊಡಬಹುದು. ಬಾಲನ್ಯಾಯ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಿಂದ ಬಂದ ಬದಲಾವಣೆ ಇದು. ಕೋರ್ಟುಗಳಲ್ಲಿ ದತ್ತು ಅರ್ಜಿಗಳು ವರ್ಷಗಟ್ಟಲೆ ಕೊಳೆಯುತ್ತಿದ್ದವು ಎನ್ನುವುದು ಸರ್ಕಾರ ಕೊಟ್ಟ ಕಾರಣ. ಮಗುವಿನ ವಾರಸು ಹಕ್ಕು ತೀರ್ಮಾನಿಸುವ ಕೆಲಸ ಜಡ್ಜ್ ಕೈಯಲ್ಲೇ ಇರಬೇಕಿತ್ತು ಎನ್ನುವ ವಕೀಲರೂ ಇದ್ದಾರೆ. ನನಗೆ ಅವರ ಮಾತು ಪೂರ್ತಿ ತಪ್ಪು ಅನಿಸುವುದಿಲ್ಲ. ಆದರೆ ಮಗು ಕಾಯುತ್ತಾ ಕೂತಿರುವ ಮನೆಯವರಿಗೆ ಬೇಕಾದದ್ದು ಬೇಗ ಮುಗಿಯುವ ದಾರಿ.

ಮಗು ಇರುವ ದತ್ತು ಸಂಸ್ಥೆ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಡಿಸಿ ಮುಂದೆಯೇ ವಿಚಾರಣೆ. ನಿಮ್ಮ ಸ್ವಂತ ಊರು ಯಾವುದೆನ್ನುವುದು ಲೆಕ್ಕಕ್ಕಿಲ್ಲ.

ಮೊದಲು ವೀಸಾ ವಿಚಾರ ಕೇಳಿಕೊಳ್ಳಿ

ವಿಚಾರಣೆ ಬಗ್ಗೆ ಬರೆಯುವಾಗ ವೀಸಾ ಯಾಕೆ ಮೊದಲು ಬಂತು ಅಂತ ಕೇಳಬಹುದು. ಇಲ್ಲಿ ಎಡವಿದರೆ ಡಿಸಿ ಆದೇಶ ಕೈಯಲ್ಲಿದ್ದರೂ ಮಗು ವಿಮಾನ ಹತ್ತಲಾಗದು, ಅದಕ್ಕೆ.

ಭಾರತ, ಅಮೆರಿಕ ಎರಡೂ ಹೇಗ್ ದತ್ತು ಒಪ್ಪಂದದಲ್ಲಿವೆ, ಅಂದರೆ ಒಂದು ದೇಶದ ಮಗುವನ್ನು ಇನ್ನೊಂದು ದೇಶದವರು ದತ್ತು ಪಡೆಯುವ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದದಲ್ಲಿ. ಭಾರತದಲ್ಲಿ ಅದು 2003ರಲ್ಲಿ ಜಾರಿಗೆ ಬಂತು, ಅಮೆರಿಕದಲ್ಲಿ 2008ರಲ್ಲಿ. ಹಾಗಾಗಿ ಎರಡೂ ದೇಶದ ಕಾಗದಗಳು ಒಂದರ ಹಿಂದೆ ಒಂದು, ಅದೇ ಸರತಿಯಲ್ಲಿ ಬರಬೇಕು. ಅಮೆರಿಕದ ಮಾನ್ಯತೆ ಪಡೆದ ಏಜೆನ್ಸಿಯಿಂದ ಮನೆ ಅಧ್ಯಯನ ವರದಿ, ಐ-800ಎ ಅರ್ಜಿ (ನೀವು ದತ್ತು ಪಡೆಯಲು ಅರ್ಹರೇ ಎಂದು ಅಮೆರಿಕದ ವಲಸೆ ಇಲಾಖೆ ನೋಡುವುದು ಇದರಲ್ಲಿ), ನಮ್ಮ ಕಾರಾದ (ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ) ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಣಿ. ಆಮೇಲೆ ಮಗುವಿನ ಫೋಟೊ, ಅಧ್ಯಯನ ವರದಿ, ವೈದ್ಯಕೀಯ ವರದಿ ಬರುತ್ತವೆ. ನೀವು ಒಪ್ಪಿದ ಮೇಲೆ ಆ ಮಗುವಿನ ಹೆಸರಿನಲ್ಲೇ ಹಾಕುವ ಐ-800 ಅರ್ಜಿ, ಅದಾದ ಮೇಲೆ ದೆಹಲಿಯ ಅಮೆರಿಕ ರಾಯಭಾರ ಕಚೇರಿಯ 'ಆರ್ಟಿಕಲ್ 5' ಪತ್ರ (ಈ ದತ್ತು ಮುಂದುವರಿಯಬಹುದು ಎನ್ನುವ ಅಮೆರಿಕದ ಒಪ್ಪಿಗೆ). ಅದನ್ನು ನೋಡಿ ಕಾರಾ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಕೊಡುತ್ತದೆ. ಎನ್‌ಒಸಿ ಬಂದ ಮೇಲಷ್ಟೇ ಡಿಸಿ ಕಚೇರಿಗೆ ಅರ್ಜಿ. ಯಾರೋ ಪರಿಚಯದವರು "ಮೊದಲು ಆರ್ಡರ್ ಮಾಡಿಸ್ಕೊಂಡ್ಬಿಡಿ, ಉಳಿದದ್ದು ಆಮೇಲೆ ನೋಡೋಣ" ಅಂದರೆ ಕೇಳಬೇಡಿ.

ಇನ್ನೊಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಐ-800 ಅರ್ಜಿ ಹಾಕಲು ಅರ್ಜಿದಾರರು ಅಮೆರಿಕದ ಪ್ರಜೆಯಾಗಿರಬೇಕು. ಗಂಡ ಹೆಂಡತಿ ಇಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡ್‌ನಲ್ಲಿದ್ದರೆ ಈ ದಾರಿ ಇಲ್ಲ. ದತ್ತು ಆದೇಶ ಬೇರೆ, ಅಮೆರಿಕಕ್ಕೆ ಪ್ರವೇಶ ಬೇರೆ. ಅಂಥವರು ಕೇರಿಂಗ್ಸ್‌ನಲ್ಲಿ ಹೆಸರು ಬರೆಸುವ ಮೊದಲೇ ವಲಸೆ ವಕೀಲರೊಬ್ಬರ ಜೊತೆ ಕೂತು ಮಾತಾಡುವುದು ಒಳ್ಳೆಯದು.

ಅರ್ಜಿ ಹಾಕುವವರು ನೀವಲ್ಲ

ಅರ್ಜಿ ಸಲ್ಲಿಸುವುದು ದತ್ತು ಸಂಸ್ಥೆಯೇ. ಅದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಹೋಗುತ್ತದೆ. ಘಟಕದವರು ಕಾಗದಗಳನ್ನೆಲ್ಲ ತಾಳೆ ನೋಡಿ ಡಿಸಿ ಮುಂದಿಡುತ್ತಾರೆ. ಅರ್ಜಿ ಸಲ್ಲಿಸಿದ ದಿನದಿಂದ ಎರಡು ತಿಂಗಳೊಳಗೆ ತೀರ್ಮಾನ ಆಗಬೇಕೆಂದು ಕಾನೂನು ಹೇಳುತ್ತದೆ.

ವಿದೇಶದಲ್ಲಿರುವವರು ಸಂಸ್ಥೆಯ ಸಮಾಜ ಕಾರ್ಯಕರ್ತರ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡುವುದು ವಾಡಿಕೆ. ಹಾಗಾದರೆ ವಿಚಾರಣೆಗೆ ಬರದಿದ್ದರೂ ಆಗುತ್ತಾ? ಕೆಲವು ಪ್ರಕರಣಗಳಲ್ಲಿ ತಂದೆ ತಾಯಿ ಆದೇಶ ಆದ ಮೇಲೆ ಬಂದು ಮಗುವನ್ನು ಪಡೆಯುತ್ತಾರೆ. ಆದೇಶದ ದಿನದಿಂದ ಎರಡು ತಿಂಗಳೊಳಗೆ ಖುದ್ದಾಗಿ ಬಂದು ಪಡೆಯಬೇಕೆನ್ನುವುದು ನಿಯಮ. ರಜೆ ಸಿಗುವುದಾದರೆ ಮೊದಲೇ ಬನ್ನಿ ಎನ್ನುವುದು ನನ್ನ ಅಭಿಪ್ರಾಯ. ಎನ್‌ಒಸಿ ಬಂದ ಮೇಲೆ, ಆದೇಶಕ್ಕೆ ಮೊದಲು, ಮಗುವನ್ನು ಪೋಷಣೆಗೆಂದು ನಿಮ್ಮ ಜೊತೆ ಇಟ್ಟುಕೊಳ್ಳಲು ಅವಕಾಶವಿದೆ. ಭಾರತದೊಳಗೆ ಮಾತ್ರ. ಅಕ್ಕ-ಭಾವ ಅದನ್ನೇ ಮಾಡಿದರು. ಮಗಳು ಮೂರೂವರೆ ವರ್ಷದವಳು. ಮೊದಲ ಮೂರು ದಿನ ಭಾವನ ಹತ್ತಿರ ಸುಳಿಯಲೇ ಇಲ್ಲ. ನಾಲ್ಕನೇ ದಿನ ಚಿತ್ರಾನ್ನದಲ್ಲಿದ್ದ ಕಡಲೆಬೀಜವನ್ನೆಲ್ಲ ಒಂದೊಂದಾಗಿ ಆರಿಸಿ ಅವರ ತಟ್ಟೆಗೆ ಹಾಕಿದಳು. ವಿಚಾರಣೆ ಹೊತ್ತಿಗೆ ಅವರಿಬ್ಬರದೂ ಒಂದೇ ಪಾರ್ಟಿ ಆಗಿತ್ತು.

ಹೆಸರಿನ ಸ್ಪೆಲ್ಲಿಂಗ್: ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ

ನಮ್ಮ ಕಡೆಯ ಹೆಸರುಗಳಿಗೆ ಇನಿಷಿಯಲ್ಲೇ ಸರ್‌ನೇಮ್. ಊರಿಗೊಂದು ಅಕ್ಷರ, ಅಪ್ಪನ ಹೆಸರಿಗೊಂದು ಅಕ್ಷರ. ಪಾಸ್‌ಪೋರ್ಟ್ ಮಾಡಿಸುವಾಗ ಅದೇ ಅಕ್ಷರ ಬಿಚ್ಚಿಕೊಂಡು ಅಪ್ಪನ ಹೆಸರೇ ಮನೆತನದ ಹೆಸರಾಗುತ್ತದೆ. ಮದುವೆ ಸರ್ಟಿಫಿಕೇಟಿನಲ್ಲಿ ಹಳೆಯ ಇನಿಷಿಯಲ್ಲೇ ಉಳಿದಿರುತ್ತದೆ. ಹೆಂಗಸರದು ಇನ್ನೂ ಗೋಜಲು: ಮದುವೆಗೆ ಮುಂಚೆ ಒಂದು, ಆಮೇಲೆ ಒಂದು, ಅಮೆರಿಕದ ಪೌರತ್ವ ಪತ್ರದಲ್ಲಿ ಮತ್ತೊಂದು. ಇದರ ಮೇಲೆ ತಕಾರಕ್ಕೆ ಬರೀ 'ಟಿ' ಹಾಕಬೇಕೋ 'ಟಿಎಚ್' ಹಾಕಬೇಕೋ ಎನ್ನುವ ನಮ್ಮ ಹಳೇ ಜಗಳ.

ಡಿಸಿ ಆದೇಶದಲ್ಲಿ ಬಂದ ಹೆಸರೇ ಮಗುವಿನ ಜನನ ಪ್ರಮಾಣಪತ್ರಕ್ಕೆ ಹೋಗುತ್ತದೆ, ಅಲ್ಲಿಂದ ಪಾಸ್‌ಪೋರ್ಟಿಗೆ, ಅಲ್ಲಿಂದ ವೀಸಾಕ್ಕೆ. ಒಂದಕ್ಷರ ಹೋದರೆ ಎಲ್ಲಾ ಕಡೆ ಹೋದಂತೆ. ಭಾವನ ಹೆಸರಿನ 'ಎಚ್' ಆದೇಶದಲ್ಲಿ ಬಿಟ್ಟುಹೋಗಿತ್ತು. ಟೈಪ್ ಮಾಡಿದವರ ತಪ್ಪೋ, ಅರ್ಜಿಯಲ್ಲೇ ಇದ್ದ ತಪ್ಪೋ, ಯಾರೂ ಒಪ್ಪಿಕೊಳ್ಳಲಿಲ್ಲ. ತಿದ್ದುಪಡಿ ಆದೇಶಕ್ಕೆ ಹನ್ನೆರಡು ದಿನ ಹಿಡಿಯಿತು. ಅದು 2024ರ ಲೋಕಸಭಾ ಚುನಾವಣೆ ಸಮಯ. ಡಿಸಿಯೇ ಜಿಲ್ಲಾ ಚುನಾವಣಾಧಿಕಾರಿ ಕೂಡ ಆಗಿರುವುದರಿಂದ ಕಚೇರಿಯ ಅರ್ಧ ಜನ ಆ ಕೆಲಸದಲ್ಲಿದ್ದರು. ಟಿಕೆಟ್ ಬದಲಾಯಿಸಿದ ಖರ್ಚನ್ನು ಭಾವ ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ.

ಹಾಗಾಗಿ ಒಂದು ಬಿಳಿ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಡಿ: ಇಬ್ಬರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಮಗುವಿನ ಈಗಿನ ಹೆಸರು, ಇಡಬೇಕೆಂದಿರುವ ಹೆಸರು, ಹುಟ್ಟಿದ ದಿನ. ಅದರ ಒಂದು ಪ್ರತಿ ಸಂಸ್ಥೆಗೆ, ಇನ್ನೊಂದು ರಕ್ಷಣಾ ಘಟಕಕ್ಕೆ ಕೊಡಿ. ಅರ್ಜಿಯ ಪ್ರತಿ ಕೇಳಿ ಪಡೆದು ಓದಿ. ಬೇರೆ ಬೇರೆ ಕಾಗದದಲ್ಲಿ ಬೇರೆ ಬೇರೆ ಹೆಸರಿದ್ದರೆ, ಎಲ್ಲವೂ ಒಬ್ಬರದೇ ಎಂದು ಹೇಳುವ ಅಫಿಡವಿಟ್ ಮೊದಲೇ ಮಾಡಿಸಿಡಿ. ಆದೇಶ ಇಂಗ್ಲಿಷಿನಲ್ಲಿ ಸಿಗುತ್ತದೆಯೇ ಎಂದೂ ವಿಚಾರಿಸಿ. ಕನ್ನಡದಲ್ಲಿ ಬಂದರೆ ವೀಸಾಕ್ಕೆ ಅನುವಾದ ಬೇಕಾಗುತ್ತದೆ.

ಆ ದಿನ

ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಹಾಗಾಗಿ ರೆವಿನ್ಯೂ ಕೇಸು ಕೂಗುವ ಹಾಲ್‌ನಲ್ಲಿ ಅಲ್ಲ, ಡಿಸಿಯ ಕೋಣೆಯಲ್ಲೇ ಕರೆದರು. ಅಜ್ಜಿ-ತಾತ, ಚಿಕ್ಕಪ್ಪ, ವಿಡಿಯೊ ಮಾಡಲು ಬಂದ ನೆಂಟರು ಎಲ್ಲ ಹೊರಗೆ. ನಾನೂ ಬಾಗಿಲಾಚೆಯೇ ಇದ್ದೆ. ಒಳಗೆ ನಡೆದದ್ದನ್ನು ಅಕ್ಕ ಹೇಳಿದ್ದು.

ಬಾಗಿಲಲ್ಲಿ ಡಿಸಿಯ ದಲಾಯತ್ ನಿಂತಿದ್ದರು. ಬಿಳಿ ಸಮವಸ್ತ್ರ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ತಲೆಗೆ ರುಮಾಲು. ಮಗಳು ಅವರನ್ನೇ ದಿಟ್ಟಿಸಿ ನೋಡಿ, "ಇವ್ರ ಮದ್ವೆನಾ?" ಅಂತ ಜೋರಾಗಿ ಕೇಳಿಬಿಟ್ಟಳು. ಅಷ್ಟು ಹೊತ್ತು ಗಂಟುಮೋರೆ ಹಾಕಿಕೊಂಡಿದ್ದ ಮನುಷ್ಯ ನಕ್ಕರು. ಒಳಗಿದ್ದ ಡಿಸಿ ಮೇಡಂಗೂ ಕೇಳಿಸಿತ್ತು.

ಕೋಣೆಯಲ್ಲಿ ಮಕ್ಕಳ ರಕ್ಷಣಾ ಘಟಕದ ಅಧಿಕಾರಿ, ಸಂಸ್ಥೆಯ ಸಮಾಜ ಕಾರ್ಯಕರ್ತೆ, ಒಬ್ಬ ಗುಮಾಸ್ತರು. ನಡೆದದ್ದು ಇಪ್ಪತ್ತು ನಿಮಿಷ. ಕಾನೂನು ಪ್ರಕಾರ ಡಿಸಿ ಮನವರಿಕೆ ಮಾಡಿಕೊಳ್ಳಬೇಕಾದದ್ದು ಮೂರೇ ಸಂಗತಿ. ಈ ದತ್ತು ಮಗುವಿನ ಒಳಿತಿಗಾಗಿಯೇ ಇದೆಯೇ. ವಯಸ್ಸು, ತಿಳಿವಳಿಕೆ ನೋಡಿಕೊಂಡು ಮಗುವಿನ ಇಷ್ಟವನ್ನು ಗಮನಿಸಲಾಗಿದೆಯೇ. ನಿಗದಿತ ಶುಲ್ಕ ಬಿಟ್ಟು ಯಾರಾದರೂ ದುಡ್ಡು ಕೊಟ್ಟಿದ್ದಾರೆಯೇ, ಪಡೆದಿದ್ದಾರೆಯೇ. ಕೇಳುವ ಪ್ರಶ್ನೆಗಳೆಲ್ಲ ಈ ಮೂರರ ಸುತ್ತಲೇ.

ಅಕ್ಕನಿಗೆ ಕೇಳಿದ್ದು: "ನೀವಿಬ್ರೂ ಕೆಲಸಕ್ಕೆ ಹೋದ್ರೆ ಮಗು ಯಾರ ಹತ್ರ ಇರುತ್ತೆ?" ಭಾವನಿಗೆ: ಮಗುವಿನ ವೈದ್ಯಕೀಯ ವರದಿ ಓದಿದ್ದೀರಾ, ಅದರಲ್ಲಿ ಏನಿದೆ ಹೇಳಿ. ವರದಿಯನ್ನು ಅಮೆರಿಕದ ಮಕ್ಕಳ ವೈದ್ಯರಿಗೆ ತೋರಿಸಿ ಕೇಳಿಕೊಂಡಿದ್ದರಿಂದ ಭಾವ ತಡವರಿಸಲಿಲ್ಲ. ಕೊನೆಗೆ ದುಡ್ಡಿನ ಪ್ರಶ್ನೆ. ಶುಲ್ಕದ ರಸೀದಿಗಳನ್ನು ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿಟ್ಟರೆ ಇದು ಅರ್ಧ ನಿಮಿಷದ ಮಾತು. ರಸೀದಿ ಇಲ್ಲದೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ, 'ಸಂಸ್ಥೆಗೆ ಕಾಣಿಕೆ' ಅಂತ ಕೇಳಿದರೂ.

ಬಾಯಿಪಾಠ ಮಾಡಿದ ಉತ್ತರ ಬೇಡ. ಒಂದು ಅನಾಥ ಮಗುವಿಗೆ ಬಾಳು ಕೊಡುತ್ತಿದ್ದೇವೆ ಎನ್ನುವ ಭಾಷಣವಂತೂ ಬೇಡವೇ ಬೇಡ. ಪಕ್ಕದಲ್ಲೇ ಕೂತ ಮಗು ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ.

ಮಗುವಿನ ಇಷ್ಟ ಕೇಳುವುದು ಹೆಚ್ಚಾಗಿ ಐದಾರು ವರ್ಷ ದಾಟಿದ ಮಕ್ಕಳಲ್ಲಿ ತೂಕದ ವಿಷಯ. ದೊಡ್ಡ ಮಗುವಾದರೆ ಎಲ್ಲಿಗೆ ಹೋಗುತ್ತಿದ್ದೇವೆ, ವಿಮಾನ ಎಷ್ಟು ಹೊತ್ತು, ಅಲ್ಲಿ ಯಾವ ಭಾಷೆ ಅಂತ ವಾರಗಳ ಮೊದಲಿಂದ ಸಂಸ್ಥೆಯ ಕಾರ್ಯಕರ್ತೆಯ ಜೊತೆ ಸೇರಿ ಹೇಳಿ. ಡಿಸಿ ಕೋಣೆಯಲ್ಲೇ ಮೊದಲ ಸಲ ಕೇಳಿ ಮಗು ಹೆದರಿ ಅತ್ತರೆ ಅದು ಅದರ ತಪ್ಪಲ್ಲ.

ಜೊತೆಗೆ ಒಯ್ಯಲು: ಮೂಲ ಪಾಸ್‌ಪೋರ್ಟ್, ಓಸಿಐ ಕಾರ್ಡ್, ಎನ್‌ಒಸಿ ಪ್ರತಿ, ರಸೀದಿ ಫೈಲು, ನೀರು, ಬಿಸ್ಕತ್ತು, ಮಗುವಿಗೆ ಇನ್ನೊಂದು ಜೊತೆ ಬಟ್ಟೆ. ಹನ್ನೊಂದಕ್ಕೆ ಅಂತ ಹೇಳಿದ್ದರು. ನಮ್ಮನ್ನು ಕರೆದಾಗ ಎರಡು ಮುಕ್ಕಾಲು.

ಫೋಟೊ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಗುವಿನ ಗುರುತು ಬಹಿರಂಗ ಮಾಡಿದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಸಜೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಡಿಸಿ ಕಚೇರಿ ಮೆಟ್ಟಿಲ ಮೇಲಿನ ಸೆಲ್ಫಿ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೂ ಬೇಡ. ಅದು ಅಲ್ಲಿಗೇ ನಿಲ್ಲುವುದಿಲ್ಲ.

ಆದೇಶ ಬಂದ ಮೇಲೆ

ಕಾನೂನಿನ ಕಣ್ಣಲ್ಲಿ ಆದೇಶ ಜಾರಿಯಾದ ದಿನದಿಂದ ಮಗು ನಿಮ್ಮದು, ವಾರಸು ಹಕ್ಕೂ ಸೇರಿ. ತಕರಾರಿದ್ದವರು 30 ದಿನದೊಳಗೆ ವಿಭಾಗೀಯ ಆಯುಕ್ತರಿಗೆ, ಅಂದರೆ ನಮ್ಮಲ್ಲಿ ಪ್ರಾದೇಶಿಕ ಆಯುಕ್ತರು ಎನ್ನುವವರಿಗೆ, ಮೇಲ್ಮನವಿ ಹಾಕಬಹುದು.

ಆದೇಶ ಕೇರಿಂಗ್ಸ್‌ಗೆ ಏರಿದ ಮೇಲೆ ಕಾರಾ 'ಆರ್ಟಿಕಲ್ 23' ಪ್ರಮಾಣಪತ್ರ ಕೊಡುತ್ತದೆ. ದತ್ತು ಹೇಗ್ ಒಪ್ಪಂದದ ಪ್ರಕಾರವೇ ಆಗಿದೆ ಎನ್ನಲು ಅದೇ ದಾಖಲೆ. ಜನನ ಪ್ರಮಾಣಪತ್ರ, ಭಾರತದ ಪಾಸ್‌ಪೋರ್ಟ್ ಮಾಡಿಸುವಲ್ಲಿ ಸಂಸ್ಥೆ ನೆರವಾಗುತ್ತದೆ. ಆಮೇಲೆ ದೆಹಲಿಗೆ ಹೋಗಿ ವೀಸಾ. ಇಲ್ಲೇ ದತ್ತು ಪೂರ್ತಿ ಆಗಿದ್ದರೆ ಸಿಗುವುದು ಐಎಚ್-3. ಅಮೆರಿಕದ ಪ್ರಜೆಯ ಮಗುವಾಗಿ ಅದರಲ್ಲಿ ಅಲ್ಲಿಗೆ ಕಾಲಿಟ್ಟರೆ, 2000ದ ಬಾಲ ಪೌರತ್ವ ಕಾಯ್ದೆಯಂತೆ ಪೌರತ್ವ ತಾನಾಗಿಯೇ ಬರುತ್ತದೆ.

ಅಕ್ಕನ ಮಗು, ತಮ್ಮನ ಮಗು ಅಂತಿದ್ದರೆ

ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಮಕ್ಕಳಿಲ್ಲದ ಅಣ್ಣನಿಗೆ ತಂಗಿ ತನ್ನ ಎರಡನೆಯದನ್ನು ಕೊಡುತ್ತಾಳೆ, ದತ್ತಹೋಮ ಆಗುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತು ಪತ್ರ ನೋಂದಣಿಯೂ ಆಗುತ್ತದೆ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಅದು ಸರಿಯಾದ ದತ್ತಕವೇ ಇರಬಹುದು. ಆದರೆ ಆ ಪತ್ರವೊಂದನ್ನೇ ಹಿಡಿದು ಮಗುವನ್ನು ಹೇಗ್ ದೇಶಕ್ಕೆ ಕರೆದೊಯ್ಯಲಾಗದು. ಕಾರಾ ಎನ್‌ಒಸಿ ಬೇಕೇ ಬೇಕು. ನೆಂಟರ ಮಗುವಿಗೆ ಬಾಲನ್ಯಾಯ ಕಾಯ್ದೆಯಲ್ಲೇ ಬೇರೆ ದಾರಿಯಿದೆ, ಅದೂ ಡಿಸಿ ಆದೇಶಕ್ಕೇ ಬಂದು ನಿಲ್ಲುತ್ತದೆ. ಹೋಮಕ್ಕೆ ಪುರೋಹಿತರನ್ನು ಗೊತ್ತು ಮಾಡುವ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಒಮ್ಮೆ ಹೋಗಿಬನ್ನಿ.

ಊರು ಬಿಟ್ಟ ಮೇಲೂ ಎರಡು ವರ್ಷ ಫೈಲು ತೆರೆದೇ ಇರುತ್ತದೆ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ ಅಲ್ಲಿನ ಏಜೆನ್ಸಿ ಮನೆಗೆ ಬಂದು ನೋಡಿ, ಮಗುವಿನ ಫೋಟೊ ಸಹಿತ ವರದಿ ಕಳಿಸುತ್ತದೆ. ಆ ತಾರೀಖುಗಳನ್ನು ಭಾವ ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾರೆ. ಅದರ ಪಕ್ಕದಲ್ಲೇ ಮಗಳು ಬರೆದ ಚಿತ್ರವಿದೆ: ರುಮಾಲು ಸುತ್ತಿದ ಒಬ್ಬ ಮದುಮಗ.