ಪರ್ಸು, ಬೆಲ್ಟಿಗೆ ಅಂಟು ಹಾಕುವಾಗ ನಾನು ನೋಡಿಕೊಳ್ಳುವುದು

ಕೈಯಲ್ಲಿ ಹೊಲಿಯುವ ಪರ್ಸಿನಲ್ಲಿ ಅಂಟಿನ ಕೆಲಸ ಸಣ್ಣದು. ಹೊಲಿಗೆ ಮುಗಿಯುವ ತನಕ ಎರಡು ಪದರ ಜರುಗದಂತೆ ಹಿಡಿದಿದ್ದರೆ ಸಾಕು, ಆಮೇಲೆ ಭಾರ ಹೊರುವುದು ದಾರ. ಬೆಲ್ಟಿನ ಲೈನಿಂಗ್ ಹಾಗಲ್ಲ. ಹೊಲಿಗೆ ಬರುವುದು ಎರಡು ಅಂಚಿಗೆ ಮಾತ್ರ, ನಡುವಿನ ಅಗಲಕ್ಕೆಲ್ಲ ಅಂಟೇ ಗತಿ. ಹಾಗಾಗಿ ಡಬ್ಬಿ ತೆಗೆಯುವ ಮೊದಲು ಈ ಜಾಗಕ್ಕೆ ಹೊಲಿಗೆ ಇದೆಯೋ ಇಲ್ಲವೋ ಎಂದು ನೋಡುತ್ತೇನೆ.

ಹೊಲಿಗೆ ಇಲ್ಲದ ಕಡೆಗೆ ಸಿಂಥೆಟಿಕ್ ರಬ್ಬರಿನ ಅಂಟು. ಸನ್‌ಮೈಕಾ ಕೂರಿಸುವವರೂ ಇದನ್ನೇ ಬಳಸುವುದರಿಂದ ಬೆಂಗಳೂರಿನ ಪ್ಲೈವುಡ್ ಅಂಗಡಿಗಳಲ್ಲಿ ಫೆವಿಕಾಲ್ ಎಸ್‌ಆರ್ 998 ಸುಲಭವಾಗಿ ಸಿಗುತ್ತದೆ. ಬರೀ ‘ಫೆವಿಕಾಲ್’ ಎಂದರೆ ಬಿಳಿಯದನ್ನು ಕೈಗಿಡುತ್ತಾರೆ, ‘ಎಸ್‌ಆರ್’ ಎಂದು ಒತ್ತಿ ಹೇಳಬೇಕು. ಅಂಚು ಮಡಚುವುದಕ್ಕೆ, ಜಿಪ್ ಕೂರಿಸುವುದಕ್ಕೆ ರಬ್ಬರ್ ಸಲ್ಯೂಷನ್ ಸಾಕು. ಅದರ ಹಿಡಿತ ಕಮ್ಮಿ, ತಪ್ಪಾದರೆ ಕಿತ್ತು ಮತ್ತೆ ಅಂಟಿಸಬಹುದು. ಬಿಳಿ ಫೆವಿಕಾಲ್ ಅನ್ನು ಒಳಗಿಡುವ ರಟ್ಟಿಗೆ ಮಾತ್ರ ಇಟ್ಟುಕೊಂಡಿದ್ದೇನೆ, ಒಣಗಿದ ಮೇಲೆ ಬಿರುಸಾಗುತ್ತದೆ, ಒದ್ದೆ ತಡೆಯುವುದಿಲ್ಲ. ಫೆವಿಕ್ವಿಕ್ ಚರ್ಮದ ಹತ್ತಿರಕ್ಕೂ ಬೇಡ. ಬಿದ್ದ ಜಾಗ ಗಾಜಿನಂತೆ ಗಟ್ಟಿಯಾಗಿ ಸೂಜಿ ಮುರಿಯುತ್ತದೆ.

ಚರ್ಮದ ಒಳಮೈ ನಾರುನಾರಾಗಿರುತ್ತದೆ, ಅಂಟನ್ನು ತಾನಾಗಿಯೇ ಹಿಡಿಯುತ್ತದೆ. ತೊಂದರೆ ಇರುವುದು ನುಣುಪಾದ ಮೇಲ್ಮೈಯಲ್ಲಿ. ಜೇಬಿನ ಪಟ್ಟಿಯನ್ನು ಇನ್ನೊಂದು ತುಂಡಿನ ಮೇಲ್ಮೈಗೆ ಅಂಟಿಸುವಾಗ ಅಂಚಿನಿಂದ 5 ಮಿಲಿಮೀಟರ್ ಗೆರೆ ಎಳೆದು, ಅದರೊಳಗೆ 100 ಅಥವಾ 120 ನಂಬರಿನ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವ ತನಕ ಉಜ್ಜುತ್ತೇನೆ. ಹೊಲಿಗೆಯ ಸಾಲು ಅಂಚಿನಿಂದ 3 ಮಿಲಿಮೀಟರಿಗೆ ಬರುವುದರಿಂದ ಉಜ್ಜಿದ ಗುರುತು ಹೊರಗೆ ಕಾಣುವುದಿಲ್ಲ. ಎಣ್ಣೆ, ಮೇಣ ಕುಡಿಸಿದ ಚರ್ಮವಾದರೆ ಉಜ್ಜಿದ ಮೇಲೂ ಅಸಿಟೋನ್ ತಾಗಿಸಿದ ಬಟ್ಟೆಯಿಂದ ಆ ಪಟ್ಟಿಯನ್ನಷ್ಟೇ ಒರೆಸಬೇಕು. ಗೆರೆ ದಾಟಿದರೆ ಬಣ್ಣ ಎದ್ದು ಬರುತ್ತದೆ. ಬಣ್ಣ ಹಾಕದ ಚರ್ಮಕ್ಕೆ ಮೊದಲು ಬಣ್ಣ, ಅದು ಒಣಗಿದ ಮೇಲೆ ಅಂಟು. ಅಂಟು ತಾಗಿದ ಜಾಗ ಬಣ್ಣ ಹೀರುವುದಿಲ್ಲ, ತಿಳಿಯಾದ ಕಲೆಯಾಗಿ ಉಳಿದುಬಿಡುತ್ತದೆ.

ಹಚ್ಚುವುದು ಎರಡೂ ಮುಖಕ್ಕೆ, ತೆಳ್ಳಗೆ. ಬ್ರಷ್ಷಿಗಿಂತ ಹಳೆಯ ಪ್ಲಾಸ್ಟಿಕ್ ಕಾರ್ಡಿನ ತುಂಡು ಒಳ್ಳೆಯದು, ಒಂದೇ ಸಮ ಬಳಿಯುತ್ತದೆ. ಒಳಮೈ ಮೊದಲ ಕೋಟನ್ನು ಕುಡಿದುಬಿಟ್ಟು ಹತ್ತು ನಿಮಿಷದಲ್ಲಿ ಮಂಕಾಗಿ ಕಂಡರೆ ಅಲ್ಲಿಗೆ ಇನ್ನೊಂದು ಕೋಟು. ಆಮೇಲೆ ಸುಮ್ಮನೆ ಕೂರಬೇಕು. ಬೆರಳ ಗೆಣ್ಣನ್ನು ಒತ್ತಿ ಎತ್ತಿದಾಗ ಜಿಗುಟು ಗೊತ್ತಾಗಬೇಕು, ಆದರೆ ಅಂಟು ಗೆಣ್ಣಿಗೆ ಬರಬಾರದು. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಇದಕ್ಕೆ 8–10 ನಿಮಿಷ ಸಾಕು, ಡಿಸೆಂಬರಿನ ಬೆಳಗಿನ ಚಳಿಯಲ್ಲಿ 20 ದಾಟುತ್ತದೆ. ಹಾಗಾಗಿ ಗಡಿಯಾರಕ್ಕಿಂತ ಗೆಣ್ಣನ್ನೇ ನಂಬುತ್ತೇನೆ.

ಈ ಅಂಟು ತಾಗಿದಲ್ಲಿ ಕಚ್ಚುತ್ತದೆ, ಸರಿಸುವ ಮಾತೇ ಇಲ್ಲ. ಉದ್ದ ಬೆಲ್ಟಾದರೆ ನಡುವೆ ಬಟರ್ ಪೇಪರ್ ಹಾಸಿ, ಒಂದು ತುದಿ ಹೊಂದಿಸಿ, ಕಾಗದವನ್ನು ನಾಲ್ಕು ನಾಲ್ಕು ಬೆರಳಿನಷ್ಟು ಎಳೆಯುತ್ತಾ ಕೂರಿಸುತ್ತೇನೆ. ಆಮೇಲೆ ನುಣುಪು ಮುಖದ ಸುತ್ತಿಗೆಯಿಂದ ನಡುವಿನಿಂದ ಅಂಚಿಗೆ ತಟ್ಟು. ಅಂಟಿಗೆ ಬಲ ಬರುವುದು ಈ ಒತ್ತಡದಿಂದ. ಮೇಲೆ ಪುಸ್ತಕ ಹೇರಿ ರಾತ್ರಿಯಿಡೀ ಬಿಟ್ಟರೆ ಅದೇ ಫಲ ಸಿಗುವುದಿಲ್ಲ. ತೂತು ಹೊಡೆಯುವುದು ಒಂದು ಗಂಟೆಯ ನಂತರ, ಬಗ್ಗಿಸಿ ಎಳೆದು ನೋಡುವುದು ಮರುದಿನ.

ಮಡಚುವ ಪರ್ಸಿನಲ್ಲಿ ಲೈನಿಂಗನ್ನು ಮೇಜಿನ ಮೇಲೆ ಮಟ್ಟಸವಾಗಿ ಅಂಟಿಸಿದರೆ ಮಡಚಿದಾಗ ಒಳಗೆ ಸುಕ್ಕು ಖಚಿತ. ಹೊರಚರ್ಮ 1.2, ಲೈನಿಂಗ್ 0.8 ಮಿಲಿಮೀಟರ್ ಎಂದುಕೊಳ್ಳಿ. ಎರಡರ ನಡುಗೆರೆಗಳ ಅಂತರ 1 ಮಿಲಿಮೀಟರ್. ಪೂರ್ತಿ ಮಡಚಿದಾಗ ಒಳಪದರಕ್ಕೆ ಆ ಅಂತರದ ಪೈ (3.14) ಪಟ್ಟು, ಅಂದರೆ ಸುಮಾರು 3 ಮಿಲಿಮೀಟರ್ ಕಡಿಮೆ ಉದ್ದ ಸಾಕು. ಅದಕ್ಕೇ ಮೊದಲು ಒಂದು ಅರ್ಧ ಅಂಟಿಸಿ, ಹೊರಚರ್ಮವನ್ನು ಮಡಚಿ ಹಿಡಿದೇ ಇನ್ನೊಂದು ಅರ್ಧ ಕೂರಿಸುತ್ತೇನೆ. ಅಂಚಿನಾಚೆ ಉಳಿದ ಲೈನಿಂಗನ್ನು ಕೊನೆಗೆ ಕತ್ತರಿಸಿದರಾಯಿತು.

ಬಿಟ್ಟುಕೊಂಡ ಜಾಗವನ್ನು ಮತ್ತೆ ಅಂಟಿಸುವ ಮೊದಲು ಪೂರ್ತಿ ಬಿಡಿಸಿ ನೋಡಿ. ಅಂಟಿನ ಪೊರೆಯೆಲ್ಲ ಒಂದೇ ಮುಖದಲ್ಲಿ ಉಳಿದು ಎದುರಿನ ಮುಖ ಚೊಕ್ಕಟವಾಗಿದ್ದರೆ, ಆ ಚೊಕ್ಕಟ ಮುಖವನ್ನು ಉಜ್ಜಿಲ್ಲ, ಇಲ್ಲವೇ ಅಲ್ಲಿ ಎಣ್ಣೆಯಿದೆ. ಎರಡೂ ಮುಖದಲ್ಲಿ ಹೊಳೆಯುವ ಒಣ ಪೊರೆಯಿದ್ದರೆ ತೀರಾ ತಡವಾಗಿ ಜೋಡಿಸಿದ್ದೀರಿ. ಬಿಡಿಸುವಾಗ ಬಲೆಯಂತೆ ಎಳೆ ಎಳೆಯಾಗಿ ಬಂದರೆ ಅವಸರ: ಅಂಟನ್ನು ತೆಳುವಾಗಿಡುವ ಥಿನ್ನರ್ ಒಳಗೆ ಸಿಕ್ಕಿಕೊಂಡು, ಅದಕ್ಕೆ ಆರಲು ದಾರಿಯೇ ಇರಲಿಲ್ಲ. ಚರ್ಮದ ನಾರೇ ಕಿತ್ತು ಅಂಟಿನ ಜೊತೆ ಬಂದಿದ್ದರೆ ಅಂಟನ್ನು ಬೈಯಬೇಡಿ, ಒಳಮೈಯ ಸಡಿಲ ನಾರನ್ನು ಮೊದಲೇ ಹೆರೆದು ತೆಗೆಯಬೇಕಿತ್ತು.

ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಇನ್ನೊಂದು ಕಾಟ. ಥಿನ್ನರ್ ಆರುವಾಗ ಅಂಟಿನ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗೆ ಮಂಜು ಹಿಡಿದಂತಾಗುತ್ತದೆ. ಹಾಗೆಯೇ ಜೋಡಿಸಿದರೆ ನಿಲ್ಲುವುದಿಲ್ಲ. ವಾಸನೆ ಪೂರ್ತಿ ಹೋಗುವ ತನಕ ಬಿಟ್ಟು, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ತೆಳುವಾಗಿ ಇನ್ನೊಂದು ಕೋಟು ಹಚ್ಚುತ್ತೇನೆ. ವಾಸನೆ ಇರುವಾಗ ಡ್ರೈಯರ್ ಹಚ್ಚಲೇಬಾರದು. ಥಿನ್ನರಿನ ಆವಿ ಬೆಂಕಿ ಹಿಡಿಯುವಂಥದ್ದು, ಗಾಳಿಗಿಂತ ಭಾರ, ನೆಲ ಹಿಡಿದು ಪಕ್ಕದ ಕೋಣೆಗೂ ಹೋಗುತ್ತದೆ. ದೇವರ ಮನೆಯ ದೀಪ, ಗ್ಯಾಸ್ ಒಲೆ ಎರಡೂ ಆರಿರಬೇಕು, ಕಿಟಕಿ ತೆರೆದಿರಬೇಕು.

ರೆಕ್ಸಿನ್ ಲೈನಿಂಗಿಗೆ ಇದೇ ಎಸ್‌ಆರ್ ಅಂಟು ಹಚ್ಚಿದರೆ ಮೊದಲ ವಾರ ಗಟ್ಟಿಯಾಗಿಯೇ ಇರುತ್ತದೆ. ರೆಕ್ಸಿನ್ ಎಂದರೆ ಪಿವಿಸಿ ಪ್ಲಾಸ್ಟಿಕ್ ಬಳಿದ ಬಟ್ಟೆ. ಆ ಪಿವಿಸಿ ಮೆತ್ತಗಿರಲು ಬೆರೆಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಅಂಟಿಗಿಳಿದು ಅದನ್ನು ಲೋಳೆ ಮಾಡುತ್ತದೆ. ಅಲ್ಲಿಗೆ ಶೂ ಸೋಲಿಗೆ ಬಳಸುವ ಪಿಯು (ಪಾಲಿಯುರೆಥೇನ್) ಅಂಟೇ ಬೇಕು.

ಡಬ್ಬಿಯನ್ನು ಪದೇಪದೇ ತೆರೆದರೆ ಅಂಟು ಮಂದವಾಗುತ್ತದೆ. ತಂದ ದಿನವೇ 100 ಮಿಲಿಲೀಟರಿನಷ್ಟನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತೆಗೆದಿಟ್ಟು, ದೊಡ್ಡ ಡಬ್ಬಿ ಮುಚ್ಚಿಬಿಡುತ್ತೇನೆ. ಜೇನಿನಷ್ಟು ಮಂದವಾದರೆ ಅದೇ ಅಂಟಿನ ಥಿನ್ನರ್ ಚಮಚದಲ್ಲಿ ಹಾಕಿ ಕಲಸಬಹುದು. ಜೆಲ್ಲಿಯಂತೆ ಗಡ್ಡೆ ಕಟ್ಟಿದ್ದು ಮತ್ತೆ ಕರಗುವುದಿಲ್ಲ.