ಆಂಪ್ಲಿಫೈಯರ್‌ನ ಸಿಳ್ಳೆ ಸದ್ದು ನಿಂತ ಬಗೆ

ಕಾರಿನ ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸಿದ ಮೇಲೆ ಸ್ಪೀಕರ್‌ಗಳಲ್ಲಿ ಸಿಳ್ಳೆಯಂಥ ಸದ್ದು ಕೇಳಿಸತೊಡಗಿತು. ಆಕ್ಸಿಲರೇಟರ್ ಒತ್ತಿದಂತೆಲ್ಲ ಅದರ ಸ್ವರ ಏರುತ್ತಿದ್ದುದರಿಂದ ಮೂಲ ಆಲ್ಟರ್ನೇಟರ್ (ಎಂಜಿನ್ ಜೊತೆ ತಿರುಗುತ್ತ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಎಂಬುದರಲ್ಲಿ ಅನುಮಾನವಿರಲಿಲ್ಲ. ಇಂಥ ಸದ್ದಿಗೆ ಫಿಲ್ಟರ್ ಹಾಕಿಸುವ ಸಲಹೆ ಧಾರಾಳವಾಗಿ ಸಿಗುತ್ತದೆ, ಆದರೆ ವೈರಿಂಗ್ ಪರೀಕ್ಷಿಸದೆ ಫಿಲ್ಟರ್ ಕೊಳ್ಳುವುದು ದಂಡದ ಖರ್ಚು ಎಂದೇ ನನ್ನ ಅಭಿಪ್ರಾಯ.

ಹೆಡ್ ಯೂನಿಟ್‌ನಿಂದ, ಅಂದರೆ ಡ್ಯಾಶ್‌ಬೋರ್ಡಿನ ಸ್ಟೀರಿಯೊದಿಂದ, ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಅನ್ನು ಆಂಪ್ಲಿಫೈಯರ್‌ನಿಂದ ಕಳಚಿದಾಗ ಸದ್ದು ಪೂರ್ತಿ ನಿಂತಿತು, ಅಂದರೆ ಅದು ಸಿಗ್ನಲ್ ದಾರಿಯಲ್ಲಿ ಒಳಬರುತ್ತಿತ್ತು. ಕೇಬಲ್ ಮತ್ತೆ ಜೋಡಿಸಿ, ಎಂಜಿನ್ ಓಡುತ್ತಿರುವಾಗ ಹಾಡನ್ನು ಜೋರಾಗಿಟ್ಟು, ಮಲ್ಟಿಮೀಟರ್‌ನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಆಂಪ್ಲಿಫೈಯರ್‌ನ ಗ್ರೌಂಡ್ ಟರ್ಮಿನಲ್‌ಗೂ (ಕಾರಿನ ಲೋಹದ ಬಾಡಿಗೆ ತಂತಿ ಜೋಡಿಸುವ ತುದಿ) ಹಿಡಿದರೆ 0.4 ವೋಲ್ಟ್‌ನಷ್ಟು ವ್ಯತ್ಯಾಸ ಕಂಡಿತು, ಇದು 0.1 ದಾಟದಿದ್ದರೆ ಚೆನ್ನ. ಕಾರ್ಪೆಟ್ ಎತ್ತಿ ನೋಡಿದಾಗ, ಫಿಟ್ ಮಾಡಿದವರು ಆ ಗ್ರೌಂಡ್ ತಂತಿಯ ತುದಿಯ ಬಳೆ (ರಿಂಗ್ ಟರ್ಮಿನಲ್) ಅನ್ನು ಬಾಡಿಯ ಬಣ್ಣದ ಮೇಲೆಯೇ ಬಿಗಿದಿದ್ದರು, ಸಾಲದ್ದಕ್ಕೆ ಅಲಾರಂನ ಗ್ರೌಂಡ್ ತಂತಿಯನ್ನೂ ಅದೇ ಬೋಲ್ಟಿಗೆ ಸಿಕ್ಕಿಸಿದ್ದರು. (ಬಾಸ್ ಬಡಿದಾಗಲೆಲ್ಲ ಅಲಾರಂನ ಎಲ್‌ಇಡಿ ಮಿಣುಕುತ್ತಿದ್ದ ಗುಟ್ಟು ಆಗ ತಿಳಿಯಿತು.) ಗ್ರೌಂಡ್ ಸಡಿಲವಿದ್ದಾಗ ಕರೆಂಟ್‌ನ ಒಂದು ಪಾಲು ಆರ್‌ಸಿಎ ಕವಚದ ಮೂಲಕ ಹೆಡ್ ಯೂನಿಟ್ ಕಡೆಗೆ ಹರಿಯುತ್ತದೆ, ಸಿಳ್ಳೆ ಹುಟ್ಟುವುದು ಅಲ್ಲೇ.

ಬ್ಯಾಟರಿಯ ನೆಗೆಟಿವ್ ಕಳಚಿ, ಬೋಲ್ಟಿನ ಸುತ್ತ ಲೋಹ ಹೊಳೆಯುವವರೆಗೆ ಬಣ್ಣ ಕೆರೆದು, ಪಾಸಿಟಿವ್ ತಂತಿಯಷ್ಟೇ ದಪ್ಪನೆಯ ಗಿಡ್ಡ ತಂತಿಯನ್ನು ಹಲ್ಲಿನ ವಾಷರ್ ಸಹಿತ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿದೆ. ಅಲಾರಂಗೆ ಬೇರೆ ಗ್ರೌಂಡ್ ಕೊಟ್ಟೆ. ಈಗ ಮೀಟರ್ 0.03 ತೋರಿಸುತ್ತದೆ, ಸಿಳ್ಳೆಯೂ ಇಲ್ಲ.