ಉಳ್ಳಾಲದ ಬ್ಲೋವರ್ ಎರಡು ಸಲ ಕೈಕೊಟ್ಟದ್ದು

ಮಳೆ ನಿಂತು ಸೆಖೆ ಶುರುವಾದರೆ ಎ.ಸಿ. ರಿಪೇರಿ ಮಾಡುವ ನನ್ನ ಫೋನಿಗೆ ಬಿಡುವಿಲ್ಲ. ಜೂನ್‌ನಲ್ಲಿ ಆಫ್ ಮಾಡಿದ ಎ.ಸಿ.ಯನ್ನು ಅಕ್ಟೋಬರ್‌ನಲ್ಲಿ ಹಾಕಿದರೆ ಏನಾದರೊಂದು ತಕರಾರು ಇದ್ದೇ ಇರುತ್ತದೆ.

ಉಳ್ಳಾಲದಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಮನೆ. "ಗಾಳಿಯೇ ಬರುದಿಲ್ಲ ಮಾರಾಯ್ರೆ, ಕೆಳಗೆ ನೀರು ಬೇರೆ ಬೀಳ್ತಾ ಉಂಟು" ಅಂದರು ಮನೆಯ ಅಕ್ಕ. ಮೊದಲು ಬಂದವರೊಬ್ಬರು ಮೋಟರ್ ಹೋಗಿದೆ ಎಂದು ಹೇಳಿ ಹೋಗಿದ್ದರಂತೆ.

ಫಿಲ್ಟರ್ ತೆಗೆದು ನೋಡಿದೆ. ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಐಸ್ ಕಟ್ಟಿತ್ತು. ಗ್ಯಾಸ್ ಕಮ್ಮಿಯಾದರೂ ಹೀಗಾಗುತ್ತದೆ, ಗಾಳಿ ದೂಡುವ ಫ್ಯಾನ್, ಅಂದರೆ ಬ್ಲೋವರ್, ನಿಧಾನವಾದರೂ ಆಗುತ್ತದೆ. ಇಲ್ಲಿ ಹೈ ಸ್ಪೀಡ್ ಹಾಕಿದರೂ ಮೋಟರ್ ಗುಂಯ್ ಅನ್ನುತ್ತಾ ಮೆಲ್ಲಗೆ ತಿರುಗುತ್ತಿತ್ತು. ಐಸ್ ಕರಗಿದಾಗ ಟ್ರೇ ತುಂಬಿ ನೀರು ಹೊರಗೆ.

ಎಂ.ಸಿ.ಬಿ. (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಬೆರಳಿನಿಂದ ಬ್ಲೋವರ್ ತಿರುಗಿಸಿದೆ. ಸಲೀಸಾಗಿ ಸುತ್ತಿ ನಿಂತಿತು. ಬುಷ್ (ಶಾಫ್ಟ್ ತಿರುಗುವ ಬೇರಿಂಗ್) ಹಿಡಿದಿದ್ದರೆ ಮೀಟರ್ ಬೇಡ, ಕೈಗೇ ಗೊತ್ತಾಗುತ್ತದೆ. ಆಮೇಲೆ ಮೋಟರ್‌ನ ಮೂರು ಪವರ್ ವೈರ್‌ಗಳ ನಡುವೆ ಓಮ್ ನೋಡಿದೆ. ಎರಡು ಸಣ್ಣ ರೀಡಿಂಗ್ ಕೂಡಿಸಿದರೆ ಮೂರನೆಯದಕ್ಕೆ ಸರಿ ಹೊಂದಿತು. ಮೋಟರ್‌ನ ಹೊರಮೈಗೆ ಅರ್ಥ್ (ಕರೆಂಟ್ ಸೋರಿಕೆ) ಆಗಿರಲಿಲ್ಲ. ಅಂದರೆ ವೈಂಡಿಂಗ್ (ಒಳಗಿನ ತಂತಿ ಸುತ್ತು) ಗಟ್ಟಿ ಇದೆ. ಮೋಟರ್ ತಿರುಗಲು ಬಲ ಕೊಡುವ ಕೆಪಾಸಿಟರನ್ನು ಡಿಸ್ಚಾರ್ಜ್ ಮಾಡಿ, ಕಂಟ್ರೋಲ್ ಬೋರ್ಡಿನಿಂದ ಬಿಚ್ಚಿ ಅಳೆದೆ. ಮೇಲೆ ಬರೆದದ್ದು 1.5 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 0.6. ಹೊಸದು ಹಾಕಿದ ಕೂಡಲೇ ಪರದೆ ಹಾರುವಷ್ಟು ಗಾಳಿ ಬಂತು. ನಾನು ಖುಷಿಯಿಂದ ಚಾ ಕುಡಿದು ಬಂದೆ.

ಮರುದಿನ ಮತ್ತೆ ಫೋನ್. ಹಾಕಿದರೆ ಜೋರಾಗಿ ತಿರುಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಂತು ಲೈಟ್ ಮಿಣುಕುತ್ತದೆ. ನಿಜ ಹೇಳುವುದಾದರೆ, ಆಗ ನನಗೂ ಮೋಟರ್ ಮೇಲೆ ಡೌಟ್ ಬಂತು. ಆದರೆ ತಿರುಗಿ ನಿಲ್ಲುವುದಕ್ಕೂ, ತಿರುಗದೇ ಇರುವುದಕ್ಕೂ ವ್ಯತ್ಯಾಸ ಉಂಟು ಅಲ್ವಾ? ಈ ಮೋಟರ್‌ನೊಳಗೆ ಒಂದು ಹಾಲ್ ಸೆನ್ಸರ್ ಇರುತ್ತದೆ. ಬ್ಲೋವರ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಅದು ಬೋರ್ಡಿಗೆ ತಿಳಿಸುತ್ತಿರಬೇಕು. ಸುದ್ದಿ ಬರದಿದ್ದರೆ, ಮೋಟರ್ ಸುತ್ತುತ್ತಿಲ್ಲ ಎಂದುಕೊಂಡು ಬೋರ್ಡ್ ಸಪ್ಲೈ ನಿಲ್ಲಿಸುತ್ತದೆ.

ಸೆನ್ಸರ್‌ನ ಮೂರು ಸಣ್ಣ ವೈರ್ ನೋಡಿದೆ. 5 ವೋಲ್ಟ್ ಬರುತ್ತಿತ್ತು. ಬ್ಲೋವರನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ಸಿಗ್ನಲ್ ವೈರ್‌ನಲ್ಲಿ 0, 5, 0, 5 ಎಂದು ಬದಲಾಗಬೇಕು. ಇಲ್ಲಿ ಒಮ್ಮೆ ಬಂದರೆ ಇನ್ನೊಮ್ಮೆ ಇಲ್ಲ. ಕನೆಕ್ಟರನ್ನು ಅಲ್ಲಾಡಿಸಿದಾಗ ಸರಿ ಬಂತು. ಸಪ್ಲೈ ತೆಗೆದು ಕನೆಕ್ಟರ್ ಕಳಚಿ ಟಾರ್ಚ್ ಹಿಡಿದರೆ ಒಂದು ಪಿನ್ನಿಗೆ ಹಸಿರು ಕಿಲುಬು. ಉಪ್ಪುಗಾಳಿಯ ಕೆಲಸ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಉಜ್ಜಿ, ಸಡಿಲವಾದ ಪಿನ್ ಬಿಗಿ ಮಾಡಿ ಕೂರಿಸಿದೆ. ನಿನ್ನೆಯೇ ನೋಡಬೇಕಿತ್ತು. ಕೆಪಾಸಿಟರ್ ಸಿಕ್ಕಿದ ಖುಷಿಯಲ್ಲಿ ಮುಂದೆ ನೋಡಲೇ ಇಲ್ಲ. ಎರಡನೇ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ವರ್ಟರ್ ಎ.ಸಿ.ಯ ಡಿ.ಸಿ. ಮೋಟರ್ ಆದರೆ ಕಥೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ಐದು ವೈರ್, ಒಂದರಲ್ಲಿ ಸುಮಾರು 310 ವೋಲ್ಟ್ ಡಿ.ಸಿ. ಇರುತ್ತದೆ. ಸಪ್ಲೈ ಇರುವಾಗ ಕನೆಕ್ಟರ್ ಎಳೆದರೆ ಮೋಟರ್ ಒಳಗಿನ ಬೋರ್ಡ್ ಸುಟ್ಟುಹೋಗಬಹುದು. ಸುರತ್ಕಲ್‌ನಲ್ಲಿ ಹಾಗೆ ಒಂದನ್ನು ನಾನೇ ಸುಟ್ಟು, ಕೈಯಿಂದ ದುಡ್ಡು ಕಟ್ಟಿದ್ದೇನೆ. ಈಗ ಎಂ.ಸಿ.ಬಿ. ಇಳಿಸಿ, ವೋಲ್ಟೇಜ್ ಪೂರ್ತಿ ಇಳಿದದ್ದನ್ನು ಮೀಟರಿನಲ್ಲಿ ನೋಡಿಯೇ ಕೈ ಹಾಕುವುದು.

ಉಳ್ಳಾಲದಿಂದ ಹೊರಡುವಾಗ ಅಕ್ಕನಿಗೆ ಹೇಳಿದೆ, "ಮಳೆಗಾಲದಲ್ಲೂ ವಾರಕ್ಕೊಮ್ಮೆ ಸುಮ್ನೆ ಸ್ವಲ್ಪ ಹೊತ್ತು ಫ್ಯಾನ್ ಮೋಡ್‌ನಲ್ಲಿ ಹಾಕಿ, ಒಳಗೆ ತೇವ ಕೂರುವುದಿಲ್ಲ."

"ಮಳೆಗೆ ಎ.ಸಿ. ಹಾಕುದಾ?" ಎಂದು ನಕ್ಕರು. "ಅತ್ತೆ ನೋಡಿದ್ರೆ ನನ್ನನ್ನೇ ರಿಪೇರಿಗೆ ಕಳಿಸ್ತಾರೆ."